ಹತ್ತರಲ್ಲಿ ಇಬ್ಬರು

“ನಿನ್ನ ಮಣ್ಣಿನ ದಿನ ನಾನೇ ಮಾತಾಡ್ತೀನಿ, ಒಂದು ಸುಳ್ಳೂ ಸೇರಿಸಲ್ಲ” ಎಂದು ವರ್ಲಿನ್ ಇಪ್ಪತ್ತು ವರ್ಷದ ಹಿಂದೆ ಗೆಳೆಯ ಲೈಲ್‌ಗೆ ಮಾತು ಕೊಟ್ಟಿದ್ದ. ಈಗ ಆ ದಿನ ಬಂದಿತ್ತು. ಚರ್ಚಿನ ನೆಲಮಾಳಿಗೆಯಲ್ಲಿ ಮಣ್ಣಿನ ನಂತರದ ಊಟಕ್ಕೆ ಮೇಜುಗಳನ್ನು ಬಿಡಿಸಿಡುತ್ತ, ಕೋಟಿನ ಒಳಜೇಬಿನ ಕಾಗದವನ್ನು ಮೂರನೆಯ ಸಲ ಮುಟ್ಟಿ ನೋಡಿಕೊಂಡ.

“ನೀನ್ಯಾಕೆ ಕಾಫಿ ಕಾಯಿಸ್ತಿದೀಯ ಮಾರ್ಲಿಸ್? ಇವತ್ತಾದ್ರೂ ಕೂತ್ಕೋ” ಎಂದು ಪಕ್ಕದ ಮನೆಯ ಆರ್ಡಿಸ್ ಗದರಿದಳು.

“ಕೂತು ಏನ್ ಮಾಡ್ಲಿ? ಅಳೋದೆಲ್ಲ ನಾಲ್ಕು ವರ್ಷದ ಹಿಂದೇನೇ ಮುಗೀತು” ಎಂದಳು ಲೈಲ್‌ನ ಹೆಂಡತಿ.

“ನಾನಂತೂ ಈ ಸಲಾನೂ ಆಲೂಗಡ್ಡೆದೇ ಬೇಯಿಸ್ಕೊಂಡು ಬಂದಿದೀನಿ. ಹೋದ ಸಲ ಲೈಲ್ ಎರಡು ಸಲ ಹಾಕಿಸ್ಕೊಂಡಿದ್ದ...” ಆರ್ಡಿಸ್ ಅಲ್ಲಿಗೇ ನಾಲಿಗೆ ಕಚ್ಚಿಕೊಂಡಳು.

ಮಾರ್ಲಿಸ್ ವರ್ಲಿನ್‌ನ ಬಳಿ ಬಂದಳು. “ಜೇಬಲ್ಲಿರೋದು ಅದೇ ಕಾಗದಾನಾ?”

“ಹ್ಞೂಂ.”

“ಅದನ್ನ ಅವನೇ ಕೂತು ಕೇಳಿದಾನಲ್ಲೋ. ಊರೆಲ್ಲ ಕೇಳಿದೆ. ಬೇರೇದು ಹೇಳು. ಆಮೇಲಿನ ನಾಲ್ಕು ವರ್ಷದ್ದು, ಒಂದೇ ಒಂದು. ನಾನು ಕೇಳೋದು ಅಷ್ಟೇ.”

*

ನಾಲ್ಕು ವರ್ಷದ ಹಿಂದೆ ಲೈಲ್‌ನ ಶ್ವಾಸಕೋಶದ ಸ್ಕ್ಯಾನನ್ನು ಡುಲೂತ್ ಪಟ್ಟಣದ ಡಾಕ್ಟರು ಕಂಪ್ಯೂಟರಿಗೆ ಕೊಟ್ಟಿದ್ದರು. ಅದು ಸಾವಿರಾರು ಹಳೆಯ ಸ್ಕ್ಯಾನುಗಳ ಜೊತೆ ಹೋಲಿಸಿ ನೋಡಿ ಲೆಕ್ಕ ಹೇಳಿತು. ಇಂಥ ಚಿತ್ರ ಇರುವವರಲ್ಲಿ ಹತ್ತಕ್ಕೆ ಎಂಟು ಜನ ವರ್ಷ ದಾಟುವುದಿಲ್ಲ. ಉಳಿದ ಇಬ್ಬರ ವಿಷಯ ಯಾರೂ ಕೇಳಲಿಲ್ಲ.

“ಸತ್ತ ಮೇಲೆ ಹೊಗಳಿದ್ರೆ ಅವನಿಗೇನು ಕೇಳಿಸುತ್ತಾ?” ಎಂದವನು ವರ್ಲಿನ್. ಹಾಗಾಗಿ ಲೈಲ್ ಬದುಕಿರುವಾಗಲೇ ಅವನನ್ನು ಎದುರಿಗೆ ಕೂರಿಸಿಕೊಂಡು ಇದೇ ನೆಲಮಾಳಿಗೆಯಲ್ಲಿ ಬೀಳ್ಕೊಡುಗೆಯ ಊಟ ಇಟ್ಟರು. ವರ್ಲಿನ್ ಕಾಗದ ಬಿಡಿಸಿ ಓದಿದ, ಜನ ಅತ್ತರು. ಸರೋವರ ಹೆಪ್ಪುಗಟ್ಟಿದಾಗ ಅದರ ಮೇಲೆ ಎಳೆದು ನಿಲ್ಲಿಸಿ, ಒಳಗೆ ಬೆಚ್ಚಗೆ ಕೂತು ಮೀನು ಹಿಡಿಯುವ ತನ್ನ ಮರದ ಗೂಡಿನ ಬೀಗದಕೈಯನ್ನು ಲೈಲ್ ಅವತ್ತೇ ವರ್ಲಿನ್‌ನ ಕೈಗಿಟ್ಟ. “ಬರೋ ಚಳಿಗಾಲಕ್ಕೆ ನಾನಿರಲ್ಲ. ಇಟ್ಕೋ.”

ಚಳಿಗಾಲ ಬಂತು. ಲೈಲ್ ಇದ್ದ. ಅದರ ಮುಂದಿನದಕ್ಕೂ ಇದ್ದ.

“ಏನೋ ಲೈಲ್, ಇನ್ನೂ ಇದೀಯಾ!” ಎಂದು ಅಂಗಡಿಯಲ್ಲಿ ಯಾರಾದರೂ ಅಂದರೆ, “ಕ್ಷಮಿಸ್ರಪ್ಪ, ಹೊರಟೇ ಇದೀನಿ” ಅನ್ನುತ್ತಿದ್ದ. ಕ್ರಮೇಣ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಯಾರ ಕಣ್ಣಿಗೂ ಬೀಳದೆ ಬರತೊಡಗಿದ.

ಗೂಡನ್ನು ಅವನು ವಾಪಸ್ ಕೇಳಲಿಲ್ಲ. ವರ್ಲಿನ್ ಅಷ್ಟರಲ್ಲಿ ಒಳಗೆ ಹೊಸ ಒಲೆ ಇಡಿಸಿದ್ದ, ಕಿಟಕಿಗೆ ನೀಲಿ ಪರದೆ ಹಾಕಿಸಿದ್ದ. ಹಿಂದಿರುಗಿಸುವ ಮಾತನ್ನು ಅವನೂ ಎತ್ತಲಿಲ್ಲ.

ಜನವರಿಯ ಬೆಳಗ್ಗೆ, ಗೂಡಿನಿಂದ ನೂರು ಹೆಜ್ಜೆ ಆಚೆ, ಬಯಲು ಮಂಜುಗಡ್ಡೆಯಲ್ಲಿ ತೂತು ಕೊರೆದು, ಮಗುಚಿದ ಬಕೆಟ್ಟಿನ ಮೇಲೆ ಲೈಲ್ ಗಾಳಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದ. ಒಂದು ಸಲ ಈ ಕಡೆ ತಿರುಗಿ ಕೈ ಎತ್ತಿದ. ಒಲೆಯ ಪಕ್ಕ ಕೂತಿದ್ದ ವರ್ಲಿನ್, ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ ಎನ್ನುವಂತೆ ಪರದೆ ಎಳೆದುಕೊಂಡ.

ಅವತ್ತು ಬಿಸಿಲಿರಲಿಲ್ಲ.

*

“ಲೈಲ್‌ನ ಗೆಳೆಯ ವರ್ಲಿನ್ ಈಗ ಎರಡು ಮಾತು ಆಡ್ತಾರೆ” ಎಂದು ಮೇಲೆ ಚರ್ಚಿನಲ್ಲಿ ಪಾಸ್ಟರು ಹೇಳಿದರು.

ವರ್ಲಿನ್ ಶವಪೆಟ್ಟಿಗೆಯ ಪಕ್ಕ ಹೋಗಿ ನಿಂತ. ಮುಂದಿನ ಸಾಲಿನಿಂದ ಮಾರ್ಲಿಸ್ ಅವನನ್ನೇ ನೋಡುತ್ತಿದ್ದಳು. ಆ ನಾಲ್ಕು ವರ್ಷದ್ದು ಎಂದು ಅವನ ಬಳಿ ಇದ್ದದ್ದು ಒಂದೇ ಸಂಗತಿ, ಆ ನೀಲಿ ಪರದೆಯದು. ಕೆಮ್ಮಿದ. ಜೇಬಿಗೆ ಕೈ ಹಾಕಿದ.

“ಮೂವತ್ತೊಂದು ವರ್ಷ ಲೈಲ್ ನಮ್ಮ ಮಕ್ಕಳ ಸ್ಕೂಲ್ ಬಸ್ ಓಡಿಸಿದ. ತಡವಾಗಿ ಓಡಿಬರೋ ಮಗೂನ ಒಂದು ದಿನಾನೂ ಬಿಟ್ಟು ಹೋದವನಲ್ಲ...”

ಮಾರ್ಲಿಸ್ ತಲೆ ತಗ್ಗಿಸಿ ತನ್ನ ಕೈಗವಸು ನೋಡತೊಡಗಿದಳು. ಹಿಂದಿನ ಸಾಲಿನಲ್ಲಿ ಆರ್ಡಿಸ್‌ನ ತುಟಿಗಳು ಓದಿನ ಜೊತೆಗೇ ಅಲುಗುತ್ತಿದ್ದವು. ಹೋದ ಸಲ ಕೇಳಿದ್ದು ಅವಳಿಗೆ ಇನ್ನೂ ಬಾಯಿಪಾಠವಾಗಿತ್ತು.

“...ಲೈಲ್‌ನ ಗೂಡಿನ ಬಾಗಿಲು ಯಾರಿಗೂ ಮುಚ್ಚಿದ್ದಿಲ್ಲ. ಚಳೀಲಿ ಕೂತೋನು ಕಣ್ಣಿಗೆ ಬಿದ್ರೆ ಒಳಗೆ ಕರೀದೆ ಬಿಟ್ಟವನಲ್ಲ.”

ಆ ಸಾಲನ್ನೂ ಓದಿದ. ಕೊನೆಯವರೆಗೂ ಓದಿ, ಕಾಗದವನ್ನು ಹಳೆಯ ಮಡಿಕೆಗಳಲ್ಲೇ ಮಡಚಿದ.

ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ವರ್ಲಿನ್ ಕೊಟ್ಟ ಮಾತನ್ನು ನಡೆಸಿಕೊಟ್ಟ.