ಒಂದು ನಿಮಿಷ ನಿಲ್ಲುವ ರೈಲು

"ಬದಲಾಯಿಸೋ ಹಾಗಿಲ್ಲ ಸಾರ್. ದೊಡ್ಡ ಸಾಹೇಬ್ರ ಸಹಿ ಆಗೋಗಿದೆ," ಎನ್ನುತ್ತಾ ಕಾರ್ಯದರ್ಶಿ ಹಾಳೆಯನ್ನು ಮೇಜಿನ ಮೇಲೆ ಮೆಲ್ಲಗೆ ಮುಂದಕ್ಕೆ ತಳ್ಳಿದ. "ಹನ್ನೊಂದಕ್ಕೆ ಸದನದಲ್ಲಿ ತಾವು ಓದಿದ್ರೆ ಸಾಕು."

ಓದಿದರೆ ಸಾಕಂತೆ! ರೈಲು ಖಾತೆಯ ಕಿರಿಯ ಮಂತ್ರಿಗೆ ಮೈಯೆಲ್ಲ ಉರಿಯಿತು. ಹಳ್ಳಿಯಿಂದ ಹೊರಟು ರಾಜಧಾನಿ ಮುಟ್ಟುವುದಕ್ಕೆ ಮೂವತ್ತು ವರ್ಷ ಚಪ್ಪಲಿ ಸವೆಸಿದ್ದ ಮನುಷ್ಯ. ಮಂತ್ರಿಯಾಗಿ ವರ್ಷವಾದರೂ ಅವನ ಮೇಜಿಗೆ ಒಂದು ಕಡತವೆಂಬುದು ಬಂದಿರಲಿಲ್ಲ. ಕೊನೆಗೂ ಬಂದದ್ದು ಇದು: ಜನ ಹತ್ತದ ನಲವತ್ತು ನಿಲ್ದಾಣಗಳನ್ನು ಮುಂದಿನ ತಿಂಗಳಿನಿಂದ ಮುಚ್ಚುವ ಪಟ್ಟಿ. ಹದಿನೇಳನೆಯದು ಅವನದೇ ಊರು.

ನಿನ್ನೆ ಹಿರಿಯ ಮಂತ್ರಿಯ ಕೋಣೆಯ ಮುಂದೆ ಎರಡು ಗಂಟೆ ಕಾದಿದ್ದ. ಮೂರು ಸಲ ಕಾಫಿ ಬಂತು, ಕರೆ ಬರಲಿಲ್ಲ. ರಾಜೀನಾಮೆ ಬಿಸಾಕೋಣವೆಂದರೆ, ಇನ್ನೊಬ್ಬ ಬಂದು ಓದುತ್ತಾನೆ, ಅಷ್ಟೇ.

ಸಾಲದ್ದಕ್ಕೆ ಅಕ್ಕ ಬಂದು ಕೂತಿದ್ದಾಳೆ. ನಿಲ್ದಾಣ ಮುಚ್ಚುತ್ತಾರಂತೆ ಎಂಬ ಸುದ್ದಿಗೆ ಹೆದರಿ, ಊರವರೆಲ್ಲ ಹೆಬ್ಬೆಟ್ಟು ಒತ್ತಿದ ಅರ್ಜಿ ಹಿಡಿದು, ಅಲ್ಲಿ ಒಂದೇ ನಿಮಿಷ ನಿಲ್ಲುವ ಆ ರೈಲನ್ನೇ ಹತ್ತಿ ಬಂದಿದ್ದಳು. ಅವಳ ಮೊಮ್ಮಗಳು ಕಾಲೇಜಿಗೆ ಹೋಗುವುದು ಅದರಲ್ಲೇ. ರೈಲು ನಿಲ್ಲದಿದ್ದರೆ ಹುಡುಗಿಯ ಓದು ನಿಂತ ಹಾಗೆಯೇ. "ನೀನಿರೋವಾಗ ನಮಗೇನು ಭಯ ಬಿಡೋ," ಎಂದು ಊಟ ಬಡಿಸುತ್ತಾ ಅವಳೇ ಅವನಿಗೆ ಧೈರ್ಯ ಹೇಳಿದ್ದಳು. ಅವನು ಅರ್ಧ ಊಟಕ್ಕೇ ಕೈ ತೊಳೆದು ಎದ್ದಿದ್ದ.

ಹನ್ನೊಂದಕ್ಕೆ ಎದ್ದು ನಿಂತ. ಮೇಲೆ, ನೋಡಲು ಬಂದವರ ಸಾಲಿನಲ್ಲಿ, ಅಕ್ಕ ಕುರ್ಚಿಯ ತುದಿಗೆ ಸರಿದು ಕೂತಿದ್ದಳು. ರಾಜಧಾನಿಯ ಭಾಷೆ ಅವಳಿಗೆ ಒಂದಕ್ಷರವೂ ಬಾರದು. ಅವನು ಓದಿದ. ಹದಿನೇಳನೆಯ ಹೆಸರಿಗೆ ಬಂದಾಗ ನಾಲಿಗೆ ತಡವರಿಸಿತು. ಅದನ್ನೇ ಇನ್ನೊಮ್ಮೆ ಓದಬೇಕಾಯಿತು. ಪಟ್ಟಿ ಮುಗಿದಾಗ ಅವನ ಪಕ್ಷದವರು ದಬದಬನೆ ಮೇಜು ಕುಟ್ಟಿದರು.

ಹೊರಗಿನ ಮೊಗಸಾಲೆಯಲ್ಲಿ ಅಕ್ಕ ಅವನ ಎರಡೂ ಕೈ ಹಿಡಿದುಕೊಂಡಳು. "ಏನು ಮಾತಾಡಿದ್ಯೋ ಒಂದೂ ಗೊತ್ತಾಗ್ಲಿಲ್ಲ ಕಣೋ. ಆದ್ರೆ ನಮ್ಮೂರ ಹೆಸರು ಕೇಳಿಸ್ತು! ಒಂದಲ್ಲ, ಎರಡು ಸಲ ಹೇಳ್ದೆ. ಅವರೆಲ್ಲ ಮೇಜು ಕುಟ್ಟಿ ಒಪ್ಕೊಂಡೂಬಿಟ್ರು!"

"ಅಕ್ಕಾ, ಅದು..."

"ಸುಮ್ನಿರು, ಮಂತ್ರಿ ಅಳ್ತಾನೆ ಅಂತ ಜನ ನಗ್ತಾರೆ." ಅವನ ಕೈಯಿಂದ ಹಾಳೆ ಕಿತ್ತುಕೊಂಡಳು. "ಇದು ನಂಗಿರ್ಲಿ. ಊರಲ್ಲಿ ಎಲ್ಲರನ್ನೂ ಕೂರಿಸಿ ಮೇಷ್ಟ್ರ ಕೈಲಿ ಓದಿಸ್ತೀನಿ."

ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಚೀಲದೊಳಗೆ ಒಗೆದ ಬಟ್ಟೆಯ ನಡುವೆ ಇಟ್ಟಳು. ಅವನು ಬಾಯಿ ತೆರೆದ.

"ಸಂಜೆ ರೈಲಿಗೆ ಕಿಟಕಿ ಪಕ್ಕದ ಸೀಟು ಹೇಳಿದೀನಿ, ಅಕ್ಕ," ಎಂದ.