ನನ್ನ ಅಳತೆಯ ಪಾಯಜಾಮ

ಹಾಸ್ಟೆಲಿನ ಹಿತ್ತಲಲ್ಲಿ ಎರಡು ಬೇವಿನ ಮರಗಳ ನಡುವೆ ಬಿಗಿದ ಹಗ್ಗದ ಮೇಲೆ ರವಿವಾರಕ್ಕೊಮ್ಮೆ ಹನ್ನೆರಡು ಬಿಳಿ ಪಾಯಜಾಮಗಳು ಒಣಗುತ್ತಿದ್ದವು. ಎಲ್ಲವೂ ಒಂದೇ ಉದ್ದ. ಗಾಳಿ ಬಂದರೆ ಹನ್ನೆರಡೂ ಒಟ್ಟಿಗೆ ಕಾಲೆತ್ತುತ್ತಿದ್ದವು. ರಸ್ತೆಯಲ್ಲಿ ಚಕ್ಕಡಿ ಹೊಡೆದುಕೊಂಡು ಹೋಗುವವರು ಅತ್ತ ನೋಡಿ, "ಸವಡಿ ಸರ್ ಹುಡುಗ್ಯಾರ ಅರಿವಿ ನೋಡಲೇ, ಹಾಲಿನಂಗ ಅದಾವ" ಎನ್ನುತ್ತ ಮುಂದೆ ಸಾಗುತ್ತಿದ್ದರು.

ಸವಡಿ ಸರ್ ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತರಬೇತುದಾರರು. ಹೆಣ್ಣುಮಕ್ಕಳನ್ನು ಆಟಕ್ಕೆ ಕಳಿಸುವ ಮಾತೇ ಆ ಸೀಮೆಯಲ್ಲಿ ಇಲ್ಲದಾಗ ಅವರು ಸೈಕಲ್ ಮೇಲೆ ಊರೂರು ತಿರುಗಿ ತಂಡ ಕಟ್ಟಿದ್ದರು. ಕಟ್ಟೆಯ ಮೇಲೆ ಕೂತು, ಕೊಟ್ಟ ಮಜ್ಜಿಗೆ ಕುಡಿದು, ಹಿರಿಯರಿಗೆ ಒಂದೇ ಮಾತು ಹೇಳುತ್ತಿದ್ದರು: "ನಿಮ್ಮ ಮಗಳ ಹಿಮ್ಮಡಿ ಸೈತ ಯಾರಿಗೂ ಕಾಣಂಗಿಲ್ರಿ. ಅದು ನನ್ನ ಜವಾಬ್ದಾರಿ." ಬೇರೆ ಕಾಲೇಜಿನವರು ಚಡ್ಡಿ ಹಾಕಿ ಆಡುವಾಗ ನಾವು ಪಾಯಜಾಮದಲ್ಲಿ ಆಡುತ್ತಿದ್ದದ್ದು ಆ ಮಾತಿಗಾಗಿ. ನಾವು ಗೆದ್ದ ಕಪ್ಪುಗಳಿಗಿಂತ ಆ ಪಾಯಜಾಮಗಳಿಂದಲೇ ಕಾಲೇಜಿನ ಹೆಸರು ಹಳ್ಳಿಗಳಲ್ಲಿ ಓಡಾಡುತ್ತಿತ್ತು.

ತಂಡದ ನಾಯಕಿ ನಾನು; ಎಲ್ಲರಿಗಿಂತ ಎತ್ತರದವಳೂ ನಾನೇ. ದರ್ಜಿ ನನ್ನೊಬ್ಬಳ ಅಳತೆ ತೆಗೆದುಕೊಂಡು ಹನ್ನೆರಡನ್ನೂ ಹೊಲಿದ.

"ಗಿಡ್ಡ ಇದ್ದವರಿಗೆ ಉದ್ದ ಆಗತಾವ್ರಿ ಸರ್" ಎಂದು ಅವನು ತಲೆ ಕೆರೆದುಕೊಂಡದ್ದು ನೆನಪಿದೆ.

"ಉದ್ದ ಆದ್ರ ಯಾರೂ ಏನೂ ಅನ್ನಂಗಿಲ್ಲ. ಗಿಡ್ಡ ಆದ್ರ ಅಂತಾರ" ಎಂದಿದ್ದರು ಸರ್.

ಎಲ್ಲರಿಗಿಂತ ಗಿಡ್ಡವಳು ಫಕ್ಕೀರವ್ವ, ಕುರಿ ಕಾಯುವ ಹಾಲಪ್ಪನ ಮಗಳು. ಪಾಯಜಾಮದ ತುದಿಗೆ ದಾರ ಸುತ್ತಿ, ದಾರದ ಮೇಲೆ ರಬ್ಬರು ಹಾಕಿ ಆಡುತ್ತಿದ್ದಳು. ಓಡಿದರೆ ಎರಡೂ ಹರಿಯುತ್ತಿದ್ದವು. "ಪಕ್ಕಿ, ಪಾಯಜಾಮದಾಗ ನೀ ಎಲ್ಲಿ ಅದಿಯವ್ವಾ?" ಎಂದು ನಾವು ಕಾಡಿದರೆ, "ಇನ್ನೊಬ್ಬಾಕಿ ಹಿಡಿಯೂವಷ್ಟು ಜಾಗ ಐತಿ, ಬರ್ತಿಯೇನ?" ಎನ್ನುತ್ತಿದ್ದಳು. ಸರ್‌ಗೆ ಅವಳ ಮೇಲೆ ಹೆಚ್ಚಿನ ಜೀವ. ಅಭ್ಯಾಸ ಮುಗಿದ ಮೇಲೆ ನಮ್ಮ ನಡುವೆ ಕೂತು ಶೇಂಗಾ ಸುಲಿಯುವಾಗ ಮೊದಲ ಹಿಡಿ ಅವಳಿಗೇ ಹೋಗುತ್ತಿತ್ತು. ತಂಡದಲ್ಲಿ ಇದ್ದವರಿಗೆ ಹಾಸ್ಟೆಲಿನ ಊಟ, ವಸತಿ ಬಿಟ್ಟಿ. ಅವಳ ಪಾಲಿಗೆ ತಂಡವೆಂದರೆ ಕಾಲೇಜು. ತಂಡ ಬಿಟ್ಟರೆ ಮತ್ತೆ ಕುರಿಯ ಹಿಂದೆ.

ಆ ವರ್ಷ ಅಂತಿಮ ಪಂದ್ಯ ಬೇರೆ ಊರಿನಲ್ಲಿತ್ತು. ಮೊದಲರ್ಧದಲ್ಲಿ ಫಕ್ಕೀರವ್ವ ಮೂರು ಸಲ ಪಾಯಜಾಮಕ್ಕೆ ತೊಡರಿ ಬಿದ್ದಳು. ಮೊಣಕಾಲು ಕಿತ್ತು ರಕ್ತ ಬಟ್ಟೆಗೆ ಹತ್ತಿತ್ತು. ವಿರಾಮದಲ್ಲಿ ನಾನೂ ಅವಳೂ ನೀರಿನ ತೊಟ್ಟಿಯ ಹಿಂದೆ ಸ್ವಲ್ಪ ಹೊತ್ತು ಕೂತಿದ್ದೆವು. ಸೀಟಿ ಊದಿದಾಗ ಅವಳು ಪಾಯಜಾಮವನ್ನು ಮೊಣಕಾಲಿನ ಮೇಲಕ್ಕೆ ಮಡಚಿಕೊಂಡು ಅಂಕಣಕ್ಕೆ ಇಳಿದಳು. ಅವಳೊಬ್ಬಳೇ. ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ಹದಿನಾರು ಅಂಕ ಅವಳೊಬ್ಬಳವು. ನಾವು ಗೆದ್ದೆವು. ಕುಣಿಯುವ ನಮ್ಮ ನಡುವೆ ಸರ್ ಮಾತ್ರ ಅವಳ ಕಾಲನ್ನೇ ನೋಡುತ್ತ ನಿಂತಿದ್ದರು.

ಮೂರನೆಯ ದಿನ ಪತ್ರಿಕೆಯಲ್ಲಿ ಚಿತ್ರ ಬಂತು. ಚೆಂಡು ಹಿಡಿದು ನೆಗೆದ ಫಕ್ಕೀರವ್ವ, ಬರಿಯ ಮೊಣಕಾಲು. ಮರುದಿನವೇ ನಾಲ್ಕು ಹಳ್ಳಿಯ ಹಿರಿಯರು ಸರ್ ಕೋಣೆಯಲ್ಲಿ ಬಂದು ಕೂತರು. ಅವರಲ್ಲಿ ನನ್ನ ದೊಡ್ಡಪ್ಪನೂ ಇದ್ದ. ಹಾಲಪ್ಪನಿಗೂ ಹೇಳಿ ಕಳಿಸಿದ್ದರು. ಅವನು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದ. ಫಕ್ಕೀರವ್ವನ ಜೊತೆಗೆ ನಾಯಕಿಯೆಂದು ನನ್ನನ್ನೂ ಕರೆಸಿದ್ದರು.

"ಸರ್, ನಿಮ್ಮ ಮಾತಿನ ಮ್ಯಾಲ ಕಳಿಸಿದ್ವಿ. ಇವತ್ತ ನಮ್ಮ ಹುಡುಗ್ಯಾರ್ನ ಕರಕೊಂಡು ಹೋಗ್ತೀವಿ" ಎಂದ ದೊಡ್ಡಪ್ಪ.

"ಮೊಣಕಾಲು ಕಂಡ್ರ ಏನಾತ್ರಿ?" ಎಂದ ಹಾಲಪ್ಪ ಬಾಗಿಲಿನಿಂದ. "ಹಳ್ಳ ದಾಟೂ ಮುಂದ ಕಂಡಾವ, ಕುರಿ ತೊಳಿಯೂ ಮುಂದ ಕಂಡಾವ."

"ಅದು ನಿಮ್ಮ ಹಳ್ಳ ಅಪ್ಪಾ. ಇದು ಪೇಪರ್" ಎಂದ ದೊಡ್ಡಪ್ಪ.

ಸರ್ ಕಿಟಕಿಯತ್ತ ತಿರುಗಿದರು. ಅಲ್ಲಿಂದ ಹಿತ್ತಲ ಹಗ್ಗ ಕಾಣುತ್ತಿತ್ತು. ಹನ್ನೆರಡು ಪಾಯಜಾಮ ತೂಗಾಡುತ್ತಿದ್ದವು. ಒಂದರ ಮೊಣಕಾಲಿನ ಬಳಿಯ ಕಂದು ಕಲೆ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ.

"ಫಕ್ಕೀರವ್ವಾ," ಎಂದರು ಕೊನೆಗೆ, "ನಿನಗ ಯಾರಾದ್ರೂ ಮಡಚು ಅಂತ ಹೇಳಿದ್ರೇನು? ಹೇಳಿದ್ದರ ಮಾತು ಬ್ಯಾರೆ. ಅದು ನಿನ್ನೊಬ್ಬಾಕಿ ತಪ್ಪಲ್ಲ, ತಂಡದ ತಪ್ಪು, ನನ್ನ ತಪ್ಪು ಅಂತ ಹಿರ್ಯಾರ ಕಾಲು ಹಿಡಿತೀನಿ. ಹೇಳು."

ಅವರ ದನಿ ಬೇಡುವಂತಿತ್ತು. ಅವಳನ್ನು ಉಳಿಸಿಕೊಳ್ಳಲು ಅವರು ಒಂದು ಹೆಸರಿಗಾಗಿ ಕಾಯುತ್ತಿದ್ದರು.

ಆ ಹೆಸರು ನನ್ನದು. ತೊಟ್ಟಿಯ ಹಿಂದೆ ಫಕ್ಕೀರವ್ವ, "ಅಕ್ಕಾ, ಇನ್ನೊಮ್ಮೆ ಬಿದ್ರ ನಾ ಏಳಂಗಿಲ್ಲ" ಎಂದು ಅತ್ತಾಗ, "ಮಡಚು. ನಾನೂ ಮಡಚತೀನಿ. ನಾಯಕಿ ಮಡಚಿದ್ರ ಎಲ್ಲಾರೂ ಮಡಚತಾರ. ಸರ್ ಹನ್ನೆರಡು ಮಂದಿಗೆ ಏನಂತಾರ?" ಎಂದವಳು ನಾನು. ಅವಳ ಎಡಗಾಲಿನದನ್ನು ನಾನೇ ಮಡಚಿಕೊಟ್ಟಿದ್ದೆ. ನನ್ನದಕ್ಕೆ ಕೈ ಹಾಕುವಷ್ಟರಲ್ಲಿ ಸೀಟಿ ಊದಿತ್ತು. ಜನರತ್ತ ನೋಡಿದೆ. ಕೈ ಹಿಂದಕ್ಕೆ ಬಂತು.

ಫಕ್ಕೀರವ್ವ ನನ್ನತ್ತ ನೋಡಿದಳು. ನಾನು ದೊಡ್ಡಪ್ಪನ ಕೋಲನ್ನು ನೋಡುತ್ತಿದ್ದೆ. ಎಷ್ಟು ಹೊತ್ತು ಕಾದಳೋ ತಿಳಿಯದು.

"ಯಾರೂ ಹೇಳಿಲ್ರಿ. ನಾನ ಮಡಚೀನಿ" ಎಂದಳು.

"ಇಕಿನ್ನ ತಂಡದಿಂದ ತಗದ್ರ ಉಳಿದವರನ್ನ ಬಿಡ್ತೀವಿ" ಎಂದು ಹಿರಿಯರು ಎದ್ದು ಹೊರಗೆ ಹೋಗಿ ಅಂಗಳದಲ್ಲಿ ನಿಂತರು. ಸರ್ ಮೇಜಿನ ಅಂಚು ಹಿಡಿದುಕೊಂಡಿದ್ದರು. "ನಿನ್ನೊಬ್ಬಾಕಿನ್ನ ಬಿಟ್ಟರ ಹನ್ನೊಂದು ಮಂದಿ ಉಳೀತಾರವ್ವಾ. ನಾ ಏನ ಮಾಡ್ಲಿ?" ಎಂದರು. ಅವಳು, "ಹೂನ್ರಿ ಸರ್" ಎಂದಳು. ಅವರು ಮುಖ ತಿರುಗಿಸಿಕೊಂಡರು. ಆಗಲೂ ನಾನು ಬಾಯಿ ಬಿಡಬಹುದಿತ್ತು.

ಮಧ್ಯಾಹ್ನ ಚೆಂಡು ಹಿಡಿದು ಅಂಕಣದಲ್ಲಿ ಸುಮ್ಮನೆ ನಿಂತಿದ್ದೆ. ತಂದೆ ಮಗಳು ಆ ದಾರಿಯಲ್ಲೇ ಬಂದರು. ಹಾಲಪ್ಪನ ತಲೆಯ ಮೇಲೆ ಅವಳ ಟ್ರಂಕು. ಅಂಕಣದ ಅಂಚಿಗೆ ಬಂದು ನಿಂತ.

"ಇದ ಏನವ್ವಾ ನಿಮ್ಮ ಕಣ?"

"ಹೂನಪ್ಪಾ."

ಅವನು ಟ್ರಂಕು ಕೆಳಗಿಳಿಸಿದ. "ತಂಗೀ, ನಾ ಇಕಿ ಆಡೂದು ಒಮ್ಮೆನೂ ನೋಡಿಲ್ಲ. ಚೆಂಡು ಕೊಡ್ತಿಯೇನ?" ಎಂದು ನನ್ನನ್ನು ಕೇಳಿದ.

ಕೊಟ್ಟೆ. ಫಕ್ಕೀರವ್ವ ಲಂಗದ ಚುಂಗು ಸೊಂಟಕ್ಕೆ ಸಿಕ್ಕಿಸಿ ಎಸೆದಳು. ಚೆಂಡು ಬುಟ್ಟಿಯ ಬಳೆಗೆ ಬಡಿದು ಹೊರಗೆ ಬಿತ್ತು.

"ತಪ್ಪಿತೇನ?"

"ಹೂ."

ಮತ್ತೆ ಎಸೆದಳು. ಈ ಸಲ ಸದ್ದೇ ಇಲ್ಲದೆ ಒಳಗಿಳಿಯಿತು.

"ಇದಕ್ಕ ಎರಡು" ಎಂದಳು.

"ಎರಡು ಏನು?"

"ಎರಡು ಅಂಕ ಅಪ್ಪಾ."

ಹಾಲಪ್ಪ ತಿಳಿದವನ ಹಾಗೆ ತಲೆಯಾಡಿಸಿದ. ಉರುಳಿ ಹೋದ ಚೆಂಡನ್ನು ತಾನೇ ಹೋಗಿ ಎತ್ತಿಕೊಂಡ. ಅದರ ಧೂಳನ್ನು ಕಂಬಳಿಯ ಅಂಚಿನಿಂದ ಒರೆಸಿ, ಎರಡೂ ಕೈಯಿಂದ ನನಗೆ ಕೊಟ್ಟ. "ತಗೊಳ್ಳವ್ವಾ. ನಿಮ್ಮದು ನಿಮಗ."

"ಅಕ್ಕಾ, ಬರ್ತೀನಿ" ಎಂದಳು ಫಕ್ಕೀರವ್ವ. ನಾನು ಚೆಂಡನ್ನು ಎದೆಗೊತ್ತಿ ಹಿಡಿದುಕೊಂಡೆ.

ಟ್ರಂಕನ್ನು ಮತ್ತೆ ತಲೆಗೇರಿಸಿಕೊಂಡು ಅವನು ಮುಂದೆ ನಡೆದ. ಸ್ವಲ್ಪ ದೂರ ಹೋದ ಮೇಲೆ ಏನೋ ಕೇಳಿದನೆಂದು ಕಾಣುತ್ತದೆ. ಅವಳು ನಡೆಯುತ್ತಲೇ ಬಲಗೈ ಮೇಲೆತ್ತಿ, ಮಣಿಕಟ್ಟನ್ನು ಹೇಗೆ ಬಾಗಿಸಬೇಕೆಂದು ತೋರಿಸಿದಳು. ಅವನು ಒಂದು ಕೈಯಲ್ಲಿ ಟ್ರಂಕು ಹಿಡಿದುಕೊಂಡೇ ಇನ್ನೊಂದನ್ನು ಎತ್ತಿ, ಬರಿಯ ಗಾಳಿಯಲ್ಲಿ, ಅವಳ ಹಾಗೆಯೇ ಮೆಲ್ಲಗೆ ಬಾಗಿಸಿದ.