ತುಂಬಿದ ಕಪಾಟು

ಹುನಗುಂದ ದಾಟುತ್ತಿದ್ದ ಹಾಗೆ ಕುಲಸಚಿವ ಜಯಂತ ಅವರು ತಮ್ಮ ಮೊಬೈಲನ್ನು ಪಕ್ಕದಲ್ಲಿ ಕುಳಿತಿದ್ದ ಗ್ರಂಥಪಾಲಕಿ ವರದಾಳ ಮುಂದೆ ಹಿಡಿದರು.

"ಮೇಡಂ, ಇದೇನದ ನೋಡ್ರಿ. ನಿಮ್ಮ ವೆಬ್‌ಸೈಟ್ ಏನೋ ಬ್ಯಾರೇನ ಹೇಳಲಿಕ್ಕತ್ತದ."

ಅದು ಬಾಗಲಕೋಟೆಯ ವಿಶ್ವವಿದ್ಯಾಲಯದ ಗ್ರಂಥಾಲಯದ ವೆಬ್‌ಸೈಟು. ಪುಟದ ಕೆಳಗಡೆ ಗ್ರಂಥಾಲಯ ನಡೆಸುವ ಓದುಮನೆಗಳ ಹೆಸರುಗಳಿದ್ದವು. ಪ್ರತಿ ಊರಿನ ಎದುರಿಗೆ, ಈ ಹೊತ್ತು ಎಷ್ಟು ಪುಸ್ತಕಗಳು ಓದುಗರ ಮನೆಯಲ್ಲಿವೆ ಎಂಬ ಸಂಖ್ಯೆ. ಬಾದಾಮಿಯದು ಚೆನ್ನಾಗಿತ್ತು, ಚೊಳಚಗುಡ್ಡದ್ದು ಅದಕ್ಕಿಂತ ಚೆನ್ನಾಗಿತ್ತು. ಇಳಕಲ್ಲಿನ ಎದುರಿಗೆ ಮಾತ್ರ ದುಂಡಗೆ ಒಂದು ಸೊನ್ನೆ ಕುಳಿತಿತ್ತು.

ನಿನ್ನೆ ಮಧ್ಯಾಹ್ನವಷ್ಟೇ ವರದಾ ಇದೇ ಪುಟ ನೋಡಿದ್ದಳು, ಇಳಕಲ್ಲಿನ ಕಪಾಟಿನ ಮುಕ್ಕಾಲು ಪಾಲು ಹೊರಗಿತ್ತು. ಆದರೆ ಇಪ್ಪತ್ತು ವರ್ಷ ಗ್ರಂಥಾಲಯದ ಕೆಲಸ ಮಾಡಿದವಳು ಒಂದು ಸೊನ್ನೆಗೆ ಹೆದರಿ ಮುಖ ಸಣ್ಣದು ಮಾಡಿಕೊಳ್ಳುವಳಲ್ಲ.

"ಕಾಲು ತಾಸಿನ್ಯಾಗ ಅಲ್ಲೇ ಇರ್ತೇವಲ್ರಿ ಸರ್. ಈ ಸೊನ್ನಿ ಎಲ್ಲಿಂದ ಬಂತು ಅಂತ ಅಲ್ಲೇ ಕೇಳೋಣು."

"ಕರೆಂಟ್ ಹೋಗಿರಬೇಕ್ರಿ ಮೇಡಂ," ಎಂದ ಡ್ರೈವರ್ ಅಬ್ದುಲಸಾಬ, ಕನ್ನಡಿಯಲ್ಲಿ ಇಬ್ಬರ ಮುಖವನ್ನೂ ನೋಡುತ್ತ. ಅವನಿಗೆ ವರದಾ ಮೇಡಂ ಸೋಲುವುದು ಇಷ್ಟವಿರಲಿಲ್ಲ. ಕರೆಂಟಿಗೂ ಸೊನ್ನೆಗೂ ಸಂಬಂಧವಿಲ್ಲವೆಂದು ಕುಲಸಚಿವರಿಗೂ ಗೊತ್ತಿತ್ತು. ಅವರು ಮೊಬೈಲನ್ನು ಜೇಬಿಗೆ ಹಾಕಿ ಕಿಟಕಿಯಾಚೆ ನೋಡತೊಡಗಿದರು.

ಇವತ್ತಿನ ಈ ಸವಾರಿ ಸುಮ್ಮನೆ ಹೊರಟದ್ದಲ್ಲ. ಇಳಕಲ್ಲಿನ ಓದುಮನೆಯನ್ನು ಮುಚ್ಚಿ ಅಲ್ಲಿಯ ಪುಸ್ತಕಗಳನ್ನು ಬಾಗಲಕೋಟೆಗೆ ತರಬೇಕು, ಇಲ್ಲಿ ನಮ್ಮ ಹುಡುಗರಿಗೇ ಪುಸ್ತಕ ಸಾಲುತ್ತಿಲ್ಲ ಎಂದು ಗ್ರಂಥಾಲಯ ಸಮಿತಿಯಲ್ಲಿ ಮಾತು ಎದ್ದಿತ್ತು. ನೇಕಾರರ ಓಣಿಯಲ್ಲಿ ಕುಳಿತು ಕಾದಂಬರಿ ಓದುವವರು ಯಾರಿದ್ದಾರೆ ಎಂದು ಒಬ್ಬರು ನಕ್ಕಿದ್ದರು. ಜಯಂತ ಅವರು ನಗಲಿಲ್ಲ. "ನಾ ಸ್ವತಃ ಹೋಗಿ ನೋಡ್ತೇನಿ. ಜನ ಓದಲಿಕ್ಕತ್ತಿದ್ರ ಇರಲಿ, ಇಲ್ಲಾಂದ್ರ ತರಸೋಣು," ಎಂದಿದ್ದರು. ಕಣ್ಣಿಂದ ಕಂಡದ್ದನ್ನು ಬಿಟ್ಟು ಬೇರೇನೂ ಬರೆಯದ ಮನುಷ್ಯ. ಅದಕ್ಕೇ ವರದಾ ಖುಷಿಯಿಂದ ಒಪ್ಪಿದ್ದಳು.

ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಒಂದು ಹದಕ್ಕೆ ತಂದವಳು ಆಕೆಯೇ. ಆಕೆ ಬಂದಾಗ ಅದು ಒಂದೇ ಸೂರಿನಡಿ ಬೇರೆ ಬೇರೆ ಒಲೆ ಹೂಡಿದ ಮನೆಯ ಹಾಗಿತ್ತು. ಪುಸ್ತಕ ಕೊಳ್ಳುವ ವಿಭಾಗದವರು ಪತ್ರಿಕೆಗಳ ವಿಭಾಗದವರ ಜೊತೆ ಮಾತು ಬಿಟ್ಟಿದ್ದರು. ವರ್ಗೀಕರಣದ ಸತ್ಯಬೋಧ ಆಚಾರ್ಯರು ಒಂದು ಪುಸ್ತಕಕ್ಕೆ ಸರಿಯಾದ ನಂಬರು ಹುಡುಕುವಷ್ಟರಲ್ಲಿ ಅದನ್ನು ಕೇಳಿದ ಹುಡುಗನ ಪರೀಕ್ಷೆಯೇ ಮುಗಿದಿರುತ್ತಿತ್ತು. ವರದಾ ಯಾರಿಗೂ ಬಯ್ಯಲಿಲ್ಲ. ಪ್ರತಿ ಶನಿವಾರ ಆಚಾರ್ಯರನ್ನು ಪುಸ್ತಕ ಕೊಡುವ ಮೇಜಿಗೆ ಕೂರಿಸಿದಳು. "ಇನ್ನೂ ಬಂದಿಲ್ಲೇನ್ರಿ ಸರ್?" ಎಂಬ ಪ್ರಶ್ನೆಯನ್ನು ಹುಡುಗ ಹುಡುಗಿಯರ ಬಾಯಿಂದ ನೇರವಾಗಿ ಕೇಳಿ ಕೇಳಿ ಆಚಾರ್ಯರ ಕೈಗೆ ತಾನಾಗಿಯೇ ವೇಗ ಬಂತು.

ವೆಬ್‌ಸೈಟಿನದೂ ಅದೇ ಕಥೆ. ಮೊದಲು ಅದರಲ್ಲಿ ಕಟ್ಟಡದ ಫೋಟೊ ಮತ್ತು ಕುಲಪತಿಗಳ ಸಂದೇಶ ಬಿಟ್ಟರೆ ಏನೂ ಇರಲಿಲ್ಲ. ವರದಾ ಆ ಕೆಲಸವನ್ನು ತಬಸುಮ ಎಂಬ ಚುರುಕು ಹುಡುಗಿಗೆ ಒಪ್ಪಿಸಿ, "ನಮ್ಮ ಹತ್ರ ಎಷ್ಟು ಪುಸ್ತಕ ಅವ ಅಂತ ಜಂಬಾ ಕೊಚ್ಚೂದು ಬ್ಯಾಡವಾ. ಎಷ್ಟು ಪುಸ್ತಕ ಹೊರಗ ಹೋಗ್ಯಾವ, ಅದನ್ನ ತೋರಸು," ಎಂದಿದ್ದಳು. ಓದುಮನೆಗಳೂ ಆ ಲೆಕ್ಕಕ್ಕೆ ಸೇರಿದವು. ಪುಸ್ತಕ ಕೊಡುವಾಗ, ಮರಳಿ ಪಡೆಯುವಾಗ ಅಲ್ಲಿಯವರು ಮೊಬೈಲಿನಿಂದ ಒಂದು ಸಲ ಸ್ಕ್ಯಾನ್ ಮಾಡಿದರೆ ಬಾಗಲಕೋಟೆಯಲ್ಲಿ ಸಂಖ್ಯೆ ತಾನೇ ಬದಲಾಗುತ್ತಿತ್ತು. ಅಂಥ ಅಚ್ಚುಕಟ್ಟಿನ ವ್ಯವಸ್ಥೆಯೇ ಈಗ ಆಕೆಯ ಮುಖಕ್ಕೆ ಸೊನ್ನೆ ಹಿಡಿದಿತ್ತು.

ಇಳಕಲ್ಲಿನ ಓಣಿಯ ಬಾಯಲ್ಲಿ ಕಾರು ನಿಂತಿತು. ಓದುಮನೆ ಎಂದರೆ ನೇಕಾರರ ಸಂಘದ ಕಟ್ಟಡದಲ್ಲಿ ಒಂದು ಖೋಲಿ. ಅದರ ಬಾಗಿಲ ಮುಂದೆ ದೊಡ್ಡ ರಂಗೋಲಿ ಬಿದ್ದಿತ್ತು. ಒಳಗೆ ಗಾಜಿನ ಬಾಗಿಲಿನ ಕಪಾಟಿಗೆ ಚೆಂಡುಹೂವಿನ ಮಾಲೆ, ಮಾಲೆಯ ಕೆಳಗೆ ಬೀಗ. ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಪುಸ್ತಕಗಳು ಒಂದು ಬೆರಳು ತೂರಲಾರದಷ್ಟು ಒತ್ತೊತ್ತಾಗಿ ನಿಂತಿದ್ದವು. ಮಂದಿ ಕುಳಿತು ಓದುವ ಚಾಪೆಗಳನ್ನು ಸುತ್ತಿ ಮೂಲೆಗೆ ಇಟ್ಟಿದ್ದರು. ಓದುಗರೆಂದರೆ ಒಂದು ನರಪಿಳ್ಳೆಯೂ ಇರಲಿಲ್ಲ.

ಓದುಮನೆ ನೋಡಿಕೊಳ್ಳುವ ರತ್ನಾಬಾಯಿ ಹೊಸ ಸೀರೆ ಉಟ್ಟು ಕೈಮುಗಿದು ನಿಂತಿದ್ದಳು. ಮುಖದ ಮೇಲೆ ಹೆಮ್ಮೆ ತುಳುಕುತ್ತಿತ್ತು.

"ಓದೂವವ್ರು ಯಾರೂ ಇಲ್ಲೇನ್ರಿ?" ಕೇಳಿದರು ಜಯಂತ.

"ಒಬ್ಬರನ್ನೂ ಒಳಗ ಬಿಟ್ಟಿಲ್ರಿ ಸಾಹೇಬ್ರ. ನೀವು ಬರಾವ್ರು ಅದೀರಿ ಅಂತ ಎಲ್ಲಾ ಸ್ವಚ್ಛ ಮಾಡಿ ಇಟ್ಟೇವ್ರಿ."

ಜಯಂತ ಕಪಾಟು ತೆಗೆಸಿ ಕೈಗೆ ಸಿಕ್ಕಿದ್ದನ್ನು ಎಳೆದರು. ಅದು ಹೋದ ವರ್ಷದ ಪಂಚಾಂಗ. ಅದರ ಪಕ್ಕದಲ್ಲಿದ್ದದ್ದು ಐದನೇ ಇಯತ್ತೆಯ ಗಣಿತ. ಮೂರನೆಯದು ಕುಕ್ಕರಿನ ಜೊತೆ ಪೆಟ್ಟಿಗೆಯಲ್ಲಿ ಬರುವ ಪುಸ್ತಿಕೆ, ಅದಕ್ಕೂ ಬಣ್ಣದ ಕಾಗದದ ಹೊದಿಕೆ ಹಾಕಿದ್ದರು.

"ಇವೂ ನಮ್ಮ ಗ್ರಂಥಾಲಯದ್ದೇನ್ರಿ?"

"ಅವು ಓಣ್ಯಾಗಿನ್ವು ರಿ. ಕೆಳಗಿನ ಸಾಲಿನ್ಯಾಗ ಸ್ವಲ್ಪ ಜಾಗಾ ಉಳದಿತ್ತು, ಅದಕ್ಕ ಇಸ್ಕೊಂಡ ಬಂದ್ವಿ," ಎಂದಳು ರತ್ನಾಬಾಯಿ.

ವರದಾ ಆಕೆಯನ್ನು ಹೊರಗೆ ಕಟ್ಟೆಗೆ ಕರೆದಳು. "ಹೊರಗಿದ್ದ ಪುಸ್ತಕಾ ಎಲ್ಲಾ ಯಾಕ ವಾಪಸ್ ತಗೊಂಡ್ರಿ?"

"ಅಯ್ಯ, ನಿನ್ನಿ ಸಂಜಿಕೆ ಮನಿ ಮನಿ ತಿರಗಿ ಒಂದೂ ಬಿಡಲಾರ್ದಂಗ ತಂದು ಸ್ಕ್ಯಾನ್ ಮಾಡೇನ್ರಿ ಮೇಡಮ್ಮಾರ. ದೊಡ್ಡವ್ರು ಬರಾಕತ್ತಾರ, ಕಪಾಟ ಬರಿದ ಇದ್ರ ನಿಮ್ಮ ಮಾನ ಹೋಗಂಗಿಲ್ಲೇನ್ರಿ? ನಮ್ಮ ಮಗಳು ನಾಗರತ್ನಾನ್ನ ನೋಡಾಕ ಗಂಡಿನವ್ರು ಬಂದಾಗ ಓಣ್ಯಾಗಿನ ಹಿತ್ತಾಳಿ ಭಾಂಡೆ ಎಲ್ಲಾ ನಮ್ಮ ಮನ್ಯಾಗ ಇದ್ದೂರಿ!"

ವರದಾಳಿಗೆ ಒಮ್ಮೆಗೇ ಎಲ್ಲ ತಿಳಿಯಿತು. ಆ ಓಣಿಯ ರೀತಿಯೇ ಅದು. ಹೆಣ್ಣು ನೋಡಲು ಬರುವವರಿದ್ದರೆ ನೆರೆಹೊರೆಯವರು ತಾವು ಕಡ ಒಯ್ದ ಪಾತ್ರೆಗಳನ್ನೆಲ್ಲ ಮರಳಿಸುವುದಲ್ಲದೆ ತಮ್ಮವನ್ನೂ ತಂದು ಆ ಮನೆಯ ಮಾಡದಲ್ಲಿ ಜೋಡಿಸಿ ಹೋಗುತ್ತಾರೆ. ಬಂದವರ ಕಣ್ಣಿಗೆ ಮನೆ ತುಂಬಿದಂತೆ ಕಾಣಬೇಕು. ಓಣಿಗೆ ಓಣಿಯೇ ಸೇರಿ ಈಗ ಓದುಮನೆಯನ್ನು ಹೆಣ್ಣು ತೋರಿಸುವ ಮನೆ ಮಾಡಿಬಿಟ್ಟಿತ್ತು. ಅವಳಿಗೆ ನಗು ಬಂತು, ಜೊತೆಗೇ ಅಳುವೂ ಬಂದಂತಾಯಿತು. ಸುಮ್ಮನೆ ಹೆದರಿಸುವುದೇಕೆಂದು, ಈ ಭೇಟಿಯ ಮೇಲೆ ಓದುಮನೆಯ ಉಳಿವು ನಿಂತಿದೆ ಎಂಬ ಮಾತನ್ನು ಅವಳು ಓಣಿಯವರಿಗೆ ಹೇಳಿರಲಿಲ್ಲ. ಆ ಜಾಣತನ ಈಗ ಅವಳ ಕೊರಳಿಗೇ ಬಿದ್ದಿತ್ತು.

ಒಳಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಜಯಂತ ಅವರಿಗೆ ಹೇಳಿದಳು. ಅವರು ಕೇಳಿ ತಲೆಯಾಡಿಸಿದರು.

"ನೀವು ಹೇಳೂದನ್ನ ನಾ ನಂಬತೇನಿ ಮೇಡಂ. ಖರೆ, ನಾ ನೋಡಿದ್ದನ್ನ ಬರೀಬೇಕಲ್ಲ? ನಾ ನೋಡಿದ್ದು ತುಂಬಿದ ಕಪಾಟು."

"ಹಂಗಾದ್ರ ಇನ್ನೂ ಸ್ವಲ್ಪ ಹೊತ್ತು ನೋಡ್ರಿ ಸರ್. ಚಹಾ ಆಗೂತನಾ."

"ಹುನಗುಂದದಾಗ ಕಾಲೇಜಿನವ್ರು ಕಾಯ್ತಾರ."

"ಚಹಾ ಕುಡೀಲಾರದ ಎದ್ದರ ರತ್ನಾಬಾಯಿ ಬಿಡಾಂಗಿಲ್ಲ," ಎಂದಳು ವರದಾ. ಅವರು ಕುರ್ಚಿಯಲ್ಲಿ ಕುಳಿತದ್ದನ್ನು ನೋಡಿ ರತ್ನಾಬಾಯಿಯ ಕಡೆ ತಿರುಗಿದಳು. "ಬೀಗಾ ಹಾಕಬ್ಯಾಡ್ರಿ. ಯಾರ್ಯಾರ ಮನಿಯಿಂದ ಯಾವ್ಯಾವ ಪುಸ್ತಕ ತಂದೀರಿ, ಅವರನ್ನ ಕರದು ಈಗಿಂದೀಗ ಕೊಡ್ರಿ."

"ಸಾಹೇಬ್ರ ಮುಂದನ?" ರತ್ನಾಬಾಯಿಯ ಮುಖ ಬಿಳಿಚಿತು. ಗಂಡಿನವರು ಅವಲಕ್ಕಿ ತಿನ್ನುತ್ತಿರುವಾಗಲೇ ನೆರೆಯವರು ಬಂದು ಭಾಂಡೆ ಹೊತ್ತೊಯ್ದ ಹಾಗಲ್ಲವೇ ಇದು? ಆದರೂ ಹೋದಳು. ಹೋದ ಹಾಗೆಯೇ ಒಬ್ಬಳೇ ತಿರುಗಿ ಬಂದಳು. "ಯಾರೂ ಬರವಲ್ರು ರಿ. ಸಾಹೇಬ್ರು ಹೋಗಲಿ, ಆಮ್ಯಾಲೆ ಬರ್ತೇವಿ ಅಂತಾರ."

ವರದಾ ಚಪ್ಪಲಿ ಮೆಟ್ಟಿ ತಾನೇ ಓಣಿಗಿಳಿದಳು. ನಡುದಾರಿಯಲ್ಲಿ ನಿಂತು, ಸಭೆಯಲ್ಲಿ ಮಾತಾಡುವ ಗಟ್ಟಿ ದನಿಯಲ್ಲೇ ಹೇಳಿದಳು.

"ಎಲ್ಲಾರೂ ಕೇಳ್ರಿ ಇಲ್ಲೆ! ಬಂದ ಸಾಹೇಬ್ರು ಈ ಓದುಮನಿ ಇಡಬೇಕೋ ಮುಚ್ಚಬೇಕೋ ಅಂತ ನೋಡಲಿಕ್ಕೆ ಬಂದಾರ. ಪುಸ್ತಕಾ ಕಪಾಟಿನ್ಯಾಗ ಇದ್ದರ ಬಾಗಲಕೋಟಿಗೆ ಹೋಗ್ತಾವ. ನಿಮ್ಮ ಮನ್ಯಾಗ ಇದ್ದರ ಇಲ್ಲೇ ಉಳೀತಾವ. ನನ್ನ ಮಾನದ್ದು ನಾ ನೋಡ್ಕೋತೇನಿ. ನಿಮ್ಮ ಪುಸ್ತಕಾ ನೀವು ಒಯ್ರಿ."

ಕಿಟಕಿಯೊಳಗಿಂದ ಜಯಂತ ಅವರಿಗೂ ಇದು ಕೇಳುವಂತಿತ್ತು. ಕೇಳಲಿ ಎಂದೇ ಅವಳೂ ಅಂದಿದ್ದಳು. ಮರುಗಳಿಗೆಯೇ ಒಂದು ಬಾಗಿಲಿನಿಂದ, "ಯವ್ವಾ, ಬಾಗಲಕೋಟಿಗೆ? ನಂದಿನ್ನೂ ಅರ್ಧಾನೂ ಆಗಿಲ್ಲ!" ಎನ್ನುತ್ತ ಒಬ್ಬಳು ಬಣ್ಣ ಹತ್ತಿದ ಕೈ ಒರೆಸಿಕೊಳ್ಳುತ್ತ ಓಡಿಬಂದಳು. ಅವಳ ಹಿಂದೆ ಇನ್ನಿಬ್ಬರು ಬಂದರು. ನೋಡನೋಡುತ್ತಿದ್ದಂತೆ ರಂಗೋಲಿ ಅಳಿಸಿಹೋಗಿ ಖೋಲಿಯಲ್ಲಿ ಕಾಲಿಡಲು ಜಾಗವಿಲ್ಲದಂತಾಯಿತು.

"ಹಸರ ಹೊದಿಕಿದು ನಂದು, ನಿನ್ನಿತನಾ ನನ್ನ ಕಡೇನ ಇತ್ತು."

"ನಿನ್ನ ಕಡೆ ಹಬ್ಬಕ್ಕಿಂತಾ ಮೊದಲಿಂದ ಐತಿ. ನನ್ನ ಪಾಳಿ ಯಾವಾಗ ಮತ್ತ?"

"ಅವಸರಾ ಮಾಡಬ್ಯಾಡ್ರವಾ, ಸ್ಕ್ಯಾನ್ ಮಾಡಾಕ ಕೊಡ್ರಿ!" ರತ್ನಾಬಾಯಿ ಸೆರಗು ಸಿಗಿಸಿ ಮೊಬೈಲು ಹಿಡಿದು ನಿಂತಳು. ಯಾರೋ ಅವಸರಕ್ಕೆ ಚೆಂಡುಹೂವಿನ ಮಾಲೆಯನ್ನು ಕಿತ್ತು ಬದಿಗಿಟ್ಟರು. ಪಂಚಾಂಗದವರೂ ಬಂದು ತಮ್ಮ ಪಂಚಾಂಗ ಒಯ್ದರು. ಸದ್ಯ ಯಾರಿಗೂ ಸಾಹೇಬರ ನೆನಪಿರಲಿಲ್ಲ. ಕಪಾಟಿನ ಸಾಲುಗಳು ಒಂದೊಂದಾಗಿ ಹಲ್ಲುದುರಿದ ಬಾಯಾಗತೊಡಗಿದವು. ಅವರ ಹಿಂದೆಯೇ ಒಳಬಂದ ವರದಾಳಿಗೆ ಅಷ್ಟು ಚಂದದ ಕಪಾಟನ್ನು ತಾನು ಇದುವರೆಗೆ ಕಂಡೇ ಇಲ್ಲ ಎನಿಸಿತು.

ಇದನ್ನೆಲ್ಲ ನೋಡಬೇಕಾದವರು ನೋಡುತ್ತಿದ್ದಾರೆಯೇ ಎಂದು ಆಕೆ ತಿರುಗಿ ನೋಡಿದಳು. ಜಯಂತ ನೋಡುತ್ತಿರಲಿಲ್ಲ. ಚಹಾ ಕೆನೆಗಟ್ಟಿ ಪಕ್ಕದಲ್ಲಿತ್ತು. ಹೊತ್ತು ಕಳೆಯಲೆಂದು ಎತ್ತಿಕೊಂಡ ಒಂದು ದಪ್ಪ ಕಾದಂಬರಿ ಅವರ ತೊಡೆಯ ಮೇಲೆ ತೆರೆದಿತ್ತು. ಹಿಂದೆ ಓದಿದವರು ಬಿಟ್ಟ ಜಾಗಕ್ಕೆ ಅದು ತಾನೇ ತೆರೆದುಕೊಂಡಿದ್ದಿರಬೇಕು. ಕನ್ನಡಕ ಮೂಗಿನ ತುದಿಗೆ ಇಳಿದಿತ್ತು. ಅವರ ಕುರ್ಚಿಯ ಮುಂದೆ ಶಿವಲಿಂಗವ್ವ ಎಂಬ ಮುದುಕಿ ಬಂದು ನಿಂತದ್ದೂ ಅವರಿಗೆ ತಿಳಿದಿರಲಿಲ್ಲ.

"ಸಾಹೇಬ್ರ," ಎಂದಳು ಶಿವಲಿಂಗವ್ವ. "ಅದು ನಮ್ಮ ಮನೀದು ರಿ."

ಜಯಂತ ತಲೆ ಎತ್ತಿದರು. "ನೀವು ಓದ್ತೀರೇನವಾ ಇದನ್ನ?"

"ನನಗೆಲ್ಲಿ ಅಕ್ಷರಾ ಬರ್ತಾವ್ರಿ? ಸೊಸಿ ಓದ್ತಾಳ, ನಾ ಮಗ್ಗದ ಕಂಡಿಕಿಗೆ ನೂಲು ಸುತ್ತಕೊಂತ ಕೇಳ್ತೇನಿ. ನಾಟಕದ ಕಂಪನ್ಯಾಗ ಪೇಟಿ ಬಾರಿಸೂ ಮಾಸ್ತರನ್ನ ಕೊಂದಾರ. ಯಾರು ಕೊಂದ್ರು ಅನ್ನೂದು ಬರೋ ಹೊತ್ತಿಗೆ ಈ ರತ್ನಿ ಬಂದು ಕಸಗೊಂಡ ಹ್ವಾದ್ಳು."

"ನಾ ಅಲ್ಲಿಂದನ ಸುರು ಮಾಡೇನಿ. ಒಂದೆಂಟು ಪುಟ ಮುಂದ ಹೋಗೇನಿ," ಎಂದರು ಜಯಂತ. ಪುಸ್ತಕ ಕೈಯಿಂದ ಬಿಡಲು ಅವರಿಗೆ ಮನಸ್ಸಿರಲಿಲ್ಲ. "ಪಡದೆ ಎಳಿಯೂ ಆಳು ಏನಂದ ಗೊತ್ತದ ಏನು..."

"ಹೇಳಬ್ಯಾಡ್ರಿ!" ಶಿವಲಿಂಗವ್ವ ಎರಡೂ ಕೈ ಎತ್ತಿದಳು. ಒಂದು ಗಳಿಗೆ ಅವರನ್ನೂ ಅವರ ಕೈಯಲ್ಲಿದ್ದ ಪುಸ್ತಕವನ್ನೂ ನೋಡಿದಳು. ಆಮೇಲೆ ಸುತ್ತಿಟ್ಟ ಚಾಪೆ ಬಿಡಿಸಿ, ಮೊಣಕಾಲ ಮೇಲೆ ಕೈಯೂರಿ, ಅವರ ಎದುರಿಗೇ ಕುಳಿತುಕೊಂಡಳು. "ಓದ್ರಿ ಹಂಗಾರ. ಎಂಟು ಪುಟ ಹಿಂದಿಂದ ಓದ್ರಿ."

ಜಯಂತ ವರದಾಳ ಮುಖ ನೋಡಿದರು. ಅವಳು ಸಹಾಯಕ್ಕೆ ಬರಲಿಲ್ಲ. ಅವರು ಕನ್ನಡಕ ಮೇಲೇರಿಸಿ ಪುಟಗಳನ್ನು ಹಿಂದಕ್ಕೆ ಮಗುಚಿ, ಕಡತ ಓದುವವರ ಸಣ್ಣ ದನಿಯಲ್ಲಿ ಓದತೊಡಗಿದರು. ಗೋಡೆಯಾಚೆಯ ಮಗ್ಗದ ಲಟಪಟ ಸದ್ದಿನಲ್ಲಿ ಅದು ಯಾರಿಗೂ ತಲುಪಲಿಲ್ಲ.

"ಕೇಳವಲ್ದರಿ ಸಾಹೇಬ್ರ. ಜ್ವಾರಲೇ ಓದ್ರಿ."

ಅವರು ಗಂಟಲು ಸರಿಮಾಡಿಕೊಂಡರು. ಪುಸ್ತಕ ಎದೆಗವಚಿಕೊಂಡು ಹೊರಟಿದ್ದ ಹೆಂಗಸರು ಬಾಗಿಲಲ್ಲಿ ನಿಂತರು. ಒಬ್ಬಿಬ್ಬರು ಹಾಗೇ ಗೋಡೆಗೊರಗಿ ಕುಳಿತರು. ಅಬ್ದುಲಸಾಬ ಹೊರಗಿನಿಂದ ಇಣುಕಿ, "ಸರ್, ಹುನಗುಂದ..." ಎಂದ. ಜಯಂತ ಪುಸ್ತಕದಿಂದ ಕಣ್ಣೆತ್ತದೆ, ತಡೆ ಎಂಬಂತೆ ಕೈ ಮಾಡಿದರು.

ಶಿವಲಿಂಗವ್ವ ಕುಳಿತಲ್ಲಿಂದಲೇ ಹಿಂದಕ್ಕೆ ವಾಲಿ ಮುಷ್ಟಿಯಿಂದ ಗೋಡೆಯನ್ನು ದಬದಬ ಬಡಿದಳು. ಆಚೆಯ ಮಗ್ಗ ನಿಂತಿತು.